ಮೂವರಲ್ಲೂ ಒಂದೇ ಕಪ್ಪು ಗೆರೆ: ತ್ರೀಡಿ ಸೋನೋಗ್ರಫಿ ಚಿತ್ರ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಬಾಗಲಕೋಟೆಯ ನವನಗರದ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಮೇಡಂ. "ಸರ, ಇವತ್ತ ಮೂರು ಮಂದಿನ್ನ ನೋಡೀನ್ರಿ. ಮೂವರಿಗೂ ಗರ್ಭಚೀಲದಾಗ ಪರದೆ ಐತಿ ಅಂತ ತೋರಸಾಕತ್ತೈತಿ. ಹೆಂಗ ಆಕ್ಕೈತಿ ಹೇಳ್ರಿ?"

ಗರ್ಭಕೋಶದ ಒಳಗೆ ಹುಟ್ಟಿನಿಂದಲೇ ಪರದೆ ಇರುವುದು ಅಪರೂಪ. ಒಂದೇ ದಿನ ಮೂವರಿಗೆ, ಅದೂ ಒಂದೇ ಜಾಗದಲ್ಲಿ, ಒಂದೇ ಆಕಾರದ ಕಪ್ಪು ಗೆರೆಯಾಗಿ! ಮೇಡಂಗೆ ಅನುಮಾನ ಬಂದಿದ್ದು ಸರಿಯಾಗೇ ಇತ್ತು. ದಡ್ಡತನ ಆಮೇಲೆ ಮಾಡಿದ್ದು ಮಷೀನ್ ರಿಪೇರಿ ಮಾಡುವ ನಾನು. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ದಾಟಿ ಮೂರು ಸಲ ಓಡಾಡಿದೆ. ಮೊದಲ ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದೆ. ಆ ಕಥೆಯ ಜೊತೆಗೇ ಉಳಿದ ದೋಷಗಳನ್ನೂ ಬರೆಯುತ್ತೇನೆ. ಹೊಸದಾಗಿ ಸರ್ವಿಸ್ ಕೆಲಸಕ್ಕೆ ಬಂದ ಹುಡುಗರಿಗೆ, ಮಷೀನ್ ಮುಂದೆ ಕೂರುವ ಡಾಕ್ಟರುಗಳಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಚಿತ್ರ ಹೇಗೆ ಹುಟ್ಟುತ್ತದೆ ನೋಡೋಣ

ತ್ರೀಡಿ ಚಿತ್ರವನ್ನು ಪ್ರೋಬ್, ಅಂದರೆ ಕೈಯಲ್ಲಿ ಹಿಡಿದು ಮೈಗೆ ತಾಗಿಸುವ ಸಲಕರಣೆ, ತೆಗೆಯುವುದಿಲ್ಲ. ಪ್ರೋಬ್ ತೆಗೆಯುವುದು ಯಾವಾಗಲೂ ಟೂಡಿ, ಅಂದರೆ ತೆಳ್ಳಗಿನ ಒಂದೊಂದೇ ಹೋಳು. ನಮ್ಮ ಕಡೆಯ ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುವುದು ಮೋಟರ್ ಇರುವ ವಾಲ್ಯೂಮ್ ಪ್ರೋಬ್. ಅದರ ಟೋಪಿಯ ಒಳಗೆ ಎಣ್ಣೆ ತುಂಬಿರುತ್ತದೆ. ಎಣ್ಣೆಯಲ್ಲಿ ಮುಳುಗಿದ, ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಕ್ರಿಸ್ಟಲ್ ಸಾಲನ್ನು ಮೋಟರ್ ಆ ಕಡೆಯಿಂದ ಈ ಕಡೆಗೆ ತೂಗುತ್ತದೆ. ಒಂದೊಂದು ಕೋನದಲ್ಲಿ ಒಂದೊಂದು ಹೋಳು ಸಿಗುತ್ತದೆ. ಹೀಗೆ ಸಿಕ್ಕ ಹೋಳುಗಳನ್ನು ಕಂಪ್ಯೂಟರ್ ಜೋಡಿಸಿ ಒಂದು ಗಡ್ಡೆ ಮಾಡುತ್ತದೆ. ಇದೇ ವಾಲ್ಯೂಮ್.

ಖಡಕ್ ರೊಟ್ಟಿ ಅಡುಕಿಟ್ಟ ಹಾಗೆ ಅಂತ ನಾನು ಹುಡುಗರಿಗೆ ಹೇಳುತ್ತಿದ್ದೆ. ಪೂರ್ತಿ ಸರಿಯಲ್ಲ. ರೊಟ್ಟಿಗಳ ನಡುವಿನ ಸಂದು ಎಲ್ಲ ಕಡೆ ಒಂದೇ ಇರುತ್ತದೆ. ಇಲ್ಲಿ ಹೋಳುಗಳು ಬಿಚ್ಚಿದ ಬೀಸಣಿಕೆಯ ಹಾಗೆ ಹರಡಿಕೊಂಡಿರುತ್ತವೆ. ಹಿಡಿಯ ಹತ್ತಿರ ಸಂದು ಕಡಿಮೆ, ತುದಿಯಲ್ಲಿ ಜಾಸ್ತಿ. ಲೆಕ್ಕ ಹಾಕಿ: ಎರಡು ಹೋಳುಗಳ ನಡುವೆ 1 ಡಿಗ್ರಿ ಇದ್ದರೆ, ತಿರುಗುವ ಬಿಂದುವಿನಿಂದ 5 ಸೆಂ.ಮೀ. ದೂರದಲ್ಲಿ ಸಂದು 0.9 ಮಿ.ಮೀ. 15 ಸೆಂ.ಮೀ. ಆಳದಲ್ಲಿ ಅದೇ 2.6 ಮಿ.ಮೀ. ಆ ಸಂದನ್ನು ಕಂಪ್ಯೂಟರ್ ಅಂದಾಜಿನಲ್ಲಿ ತುಂಬುತ್ತದೆ. ಹಾಗಾಗಿ ಆಳದಲ್ಲಿರುವ ಮಗುವಿನ ಮುಖ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಮಷೀನ್ ಕೆಟ್ಟಿದೆ ಅಂತ ಫೋನ್ ಮಾಡಬೇಡಿ. ತೂಗುವ ಕೋನ ಕಡಿಮೆ ಮಾಡಿ, ಕ್ವಾಲಿಟಿ (ಅಂದರೆ ಹೋಳುಗಳ ಸಂಖ್ಯೆ) ಏರಿಸಿ, ಇನ್ನೊಮ್ಮೆ ತೆಗೆಯಿರಿ.

ಕ್ವಾಲಿಟಿ ಏರಿಸಿದರೆ ಹೊತ್ತು ಜಾಸ್ತಿ ಬೇಕು. ಇದಕ್ಕೆ ಕಂಪನಿಯನ್ನು ಬೈದು ಉಪಯೋಗವಿಲ್ಲ, ಶಬ್ದದ ವೇಗವೇ ಅಷ್ಟು. ಮೈಯೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಮಷೀನ್ ಹಿಡಿದುಕೊಂಡಿರುತ್ತದೆ. 15 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸುಮಾರು 195 ಮೈಕ್ರೋಸೆಕೆಂಡ್. ಒಂದು ಹೋಳಿಗೆ ಹೀಗೆ 128 ಶಬ್ದದ ಗೆರೆ ಅಂದರೆ 25 ಮಿಲಿಸೆಕೆಂಡ್. 60 ಹೋಳಿಗೆ ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಮಗು ಕೈ ಆಡಿಸಿದರೆ, ತಾಯಿ ಉಸಿರೆಳೆದರೆ, ಮೊದಲ ಹೋಳು ಮತ್ತು ಕೊನೆಯ ಹೋಳು ಒಂದಕ್ಕೊಂದು ಕೂಡುವುದಿಲ್ಲ. ಮುಖದ ಮೇಲೆ ಅಲೆ ಅಲೆಯಾಗಿ ಕಂಡರೆ ಅದು ಉಸಿರು. ಒಂದೇ ಕಡೆ ಚಾಕುವಿನಿಂದ ಕೊಯ್ದ ಹಾಗೆ ಜಾರಿದ್ದರೆ ಮಗುವೇ ಅಲುಗಾಡಿದೆ.

ಮೂರನೆಯ ಹಂತ ಬಣ್ಣ ಬಳಿಯುವುದು, ಅಂದರೆ ರೆಂಡರ್. ನಾವು ನೋಡುವ ದಿಕ್ಕಿನಿಂದ ಕಂಪ್ಯೂಟರ್ ಒಂದೊಂದು ಕಿರಣವನ್ನು ವಾಲ್ಯೂಮ್ ಒಳಗೆ ಬಿಡುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದು ಒಂದು ಚುಕ್ಕೆ ಬರೆಯುತ್ತದೆ. ಈ ರೀತಿಯ ಲೆಕ್ಕದ ಬಗ್ಗೆ ಮಾರ್ಕ್ ಲೆವಾಯ್ 1988ರಲ್ಲಿ ಬರೆದ ಲೇಖನವನ್ನು ಈಗಲೂ ಜನ ಓದುತ್ತಾರೆ. ಎಷ್ಟು ಬೆಳ್ಳಗಿದ್ದರೆ ಚರ್ಮ, ಎಷ್ಟು ಕಪ್ಪಗಿದ್ದರೆ ನೀರು ಅಂತ ತೀರ್ಮಾನಿಸುವ ಗುಂಡಿ ನಿಮ್ಮ ಕೈಯಲ್ಲಿದೆ. ಅದೇ ಥ್ರೆಶೋಲ್ಡ್. ಮೂಳೆ ಬೇಕಾದರೆ ದಾರಿಯಲ್ಲಿ ಸಿಕ್ಕ ಅತಿ ಬಿಳಿ ಚುಕ್ಕೆಯನ್ನು ಮಾತ್ರ ಹಿಡಿಯುವ ಮೋಡ್, ಅಂದರೆ ಮ್ಯಾಕ್ಸಿಮಮ್. ನೀರು ತುಂಬಿದ ಜಾಗ ಬೇಕಾದರೆ ಮಿನಿಮಮ್.

ಅಂದರೆ ದೋಷ ಮೂರು ಕಡೆ ಇರಬಹುದು. ಹೋಳಿನಲ್ಲಿ, ಜೋಡಣೆಯಲ್ಲಿ, ಬಣ್ಣದಲ್ಲಿ. ಯಾವುದರಲ್ಲಿ ಅಂತ ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಮುಟ್ಟಬೇಡಿ. ತ್ರೀಡಿ ಚಿತ್ರವನ್ನಂತೂ ನಂಬಲೇಬೇಡಿ. ಅದು ಚೆಂದ ಮಾಡಲಿಕ್ಕೆ ಅಂತಲೇ ಇರುವುದು. ಸಣ್ಣ ತಪ್ಪನ್ನು ಮುಚ್ಚುತ್ತದೆ, ಇಲ್ಲದ್ದನ್ನು ನುಣ್ಣಗೆ ಮಾಡಿ ತೋರಿಸುತ್ತದೆ.

ಬಣ್ಣದ ದೋಷ: ಐದು ನಿಮಿಷದ ಕೆಲಸ

ಇದನ್ನು ಮೊದಲು ತಳ್ಳಿಹಾಕಿ, ಸುಲಭ. ಕೆಟ್ಟ ಚಿತ್ರದ ವಾಲ್ಯೂಮ್ ಸೇವ್ ಮಾಡಿರಬೇಕು. ಬರೀ ಫೋಟೋ ಸೇವ್ ಮಾಡಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ವಾಲ್ಯೂಮ್ ತೆರೆದು ಥ್ರೆಶೋಲ್ಡ್ ಗುಂಡಿಯನ್ನು ಮೇಲೆ ಕೆಳಗೆ ತಿರುಗಿಸಿ. ಕೆನ್ನೆಯ ತೂತು ಚಿಕ್ಕದು ದೊಡ್ಡದು ಆಗುತ್ತಾ ಬಂದರೆ ಅದು ತೂತಲ್ಲ, ಗುಂಡಿ ಜಾಸ್ತಿ ತಿರುಗಿದೆ ಅಷ್ಟೇ. ಮಂದವಾಗಿ ಕಾಣುವ ಚರ್ಮವನ್ನು ಕಂಪ್ಯೂಟರ್ ನೀರು ಅಂದುಕೊಂಡು ಬಿಟ್ಟುಬಿಟ್ಟಿದೆ. ತುಟಿ ಸೀಳಿದ ಹಾಗೆ, ಬೆರಳು ಕಡಿಮೆ ಇದ್ದ ಹಾಗೆ, ತಲೆಬುರುಡೆಯಲ್ಲಿ ಕಿಂಡಿ ಇದ್ದ ಹಾಗೆ ಕಂಡು ತಂದೆ ತಾಯಿ ಗಾಬರಿಯಾಗುವುದು ಹೆಚ್ಚಾಗಿ ಇದರಿಂದಲೇ. ಟೂಡಿಯಲ್ಲಿ ತುಟಿ ಕೂಡಿದ್ದರೆ ಕೂಡಿದೆ.

ಮುಖದ ಮುಂದೆ ಮೋಡ ಇದ್ದರೆ ಗೇನ್, ಅಂದರೆ ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ, ಜಾಸ್ತಿ. ನೀರಿನ ಒಳಗಿನ ಗದ್ದಲವನ್ನೂ ಚರ್ಮ ಅಂತ ಬಳಿದಿದೆ. ಮೂಗು ಚಪ್ಪಟೆಯಾಗಿ ಕತ್ತರಿಸಿದ ಹಾಗಿದ್ದರೆ ರೆಂಡರ್ ಪೆಟ್ಟಿಗೆಯ, ಅಂದರೆ ಬಣ್ಣ ಬಳಿಯಬೇಕಾದ ಭಾಗದ ಸುತ್ತಲಿನ ಚೌಕಟ್ಟಿನ, ಗೆರೆ ಮೂಗಿನ ಮೇಲೆ ಕೂತಿದೆ, ಸ್ವಲ್ಪ ಮೇಲೆ ಎಳೆಯಿರಿ. ಮುಖ ಗರ್ಭಕೋಶದ ಗೋಡೆಗೋ ಮಾಸಿಗೋ ಅಂಟಿಕೊಂಡಿದ್ದರೆ, ಅಥವಾ ನೀರು ಕಡಿಮೆ ಇದ್ದರೆ, ಯಾವ ಗುಂಡಿಯಿಂದಲೂ ಆಗುವುದಿಲ್ಲ. ಮುಖದ ಮುಂದೆ ನೀರು ಇದ್ದರೆ ಮಾತ್ರ ಮುಖ ಬೇರೆಯಾಗಿ ಕಾಣುತ್ತದೆ. ತಾಯಿಗೆ ಸ್ವಲ್ಪ ಅಡ್ಡಾಡಿ ಬರಲು ಹೇಳಿ. ಮಗು ತಿರುಗಿದರೆ ತಿರುಗಿತು.

ನನ್ನ ಮೊದಲ ಸುತ್ತಿನ ತಪ್ಪು ಇಲ್ಲೇ ಆಯಿತು. ಕಪ್ಪು ಗೆರೆ ಅಂದ ಕೂಡಲೇ ಸಾಫ್ಟ್‌ವೇರ್ ಅಂದುಕೊಂಡೆ. ಫ್ಯಾಕ್ಟರಿ ಸೆಟ್ಟಿಂಗಿಗೆ ತಂದುಬಿಟ್ಟೆ. ಮೇಡಂ ಎರಡು ವರ್ಷ ಕೂತು ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದ ಸೆಟ್ಟಿಂಗುಗಳು, ಅಂದರೆ ಪ್ರೀಸೆಟ್‌ಗಳೆಲ್ಲ ಹೋದವು. ಗೆರೆ ಮಾತ್ರ ಹಾಗೇ ಇತ್ತು. ಪ್ರೀಸೆಟ್‌ಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳದೆ ರಿಸೆಟ್ ಮಾಡಬೇಡಿ. ಆವತ್ತು ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೋಳಿನ ದೋಷ, ಮತ್ತೆ ಆ ಗೆರೆ

ಎರಡನೇ ಸುತ್ತಿಗೆ ಬುದ್ಧಿ ಬಂದಿತ್ತು. ಪ್ರೋಬ್ ನೋಡೋಣ ಅಂತ ಹೋದೆ. ಮೇಡಂ ಅವರದು ಯೋನಿಯ ಒಳಗೆ ಹಾಕಿ ನೋಡುವ ಪ್ರೋಬ್. ಪ್ರೋಬಿನ ಪರೀಕ್ಷೆಗಳು ಹೀಗಿವೆ.

ಮೊದಲು ಕ್ಲಿಪ್. ಪ್ರೋಬ್ ಒರೆಸಿ, ಗಾಳಿಯಲ್ಲೇ ಹಿಡಿದು, ತೆಳು ಪೇಪರ್ ಕ್ಲಿಪ್ಪಿನ ತಂತಿಯನ್ನು ಲೆನ್ಸ್ ಮೇಲೆ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಸರಿಸಿ. ಕ್ರಿಸ್ಟಲ್ ಜೀವಂತ ಇರುವ ಕಡೆ ಮಾನಿಟರಿನಲ್ಲಿ ಪ್ರತಿಧ್ವನಿಯ ಗೆರೆ ಜೊತೆಗೇ ಸರಿಯುತ್ತದೆ. ಸತ್ತ ಕಡೆ ಮಂಕಾಗುತ್ತದೆ. ಟೂಡಿಯಲ್ಲಿ ನಾಲ್ಕಾರು ಸತ್ತ ಕ್ರಿಸ್ಟಲ್ ಗೊತ್ತೇ ಆಗುವುದಿಲ್ಲ. ವಾಲ್ಯೂಮಿನಲ್ಲಿ ಮಾತ್ರ ಪ್ರತಿ ಹೋಳಿನಲ್ಲೂ ಅದೇ ಜಾಗ ಮಂಕು. ಜೋಡಿಸಿದಾಗ ಅದು ನೇಗಿಲು ಹೊಡೆದ ಸಾಲಿನ ಹಾಗೆ ಉದ್ದಕ್ಕೂ ಕಾಣುತ್ತದೆ. ಇಲ್ಲಿ ಎಲ್ಲ ಕ್ರಿಸ್ಟಲ್ಲೂ ಸರಿ ಇದ್ದವು.

ಆಮೇಲೆ ನೀರು. ಕುದಿಸಿ ಆರಿಸಿದ ನೀರು ಬೇಕು, ನಳದ ನೀರಿನಲ್ಲಿ ಗಾಳಿ ಗುಳ್ಳೆ ಜಾಸ್ತಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರು ಹಾಕಿ, ನೀರು ತುಂಬಿ ಗಂಟು ಹಾಕಿದ ರಬ್ಬರ್ ಗ್ಲೌಸ್ ಮುಳುಗಿಸಿ. ಮೇಲಿನಿಂದ ಪ್ರೋಬಿನ ತುದಿ ಮಾತ್ರ ಅದ್ದಿ ವಾಲ್ಯೂಮ್ ತೆಗೆಯಿರಿ. ಐದು ಬೆರಳೂ ನೆಟ್ಟಗೆ ಕಂಡರೆ ಮೋಟರ್ ಸರಿ. ಬೆರಳು ನಡುಗಿದರೆ, ಗರಗಸದ ಹಲ್ಲಿನ ಹಾಗೆ ಕಂಡರೆ, ಕ್ರಿಸ್ಟಲ್ ಎಲ್ಲಿದೆ ಅಂತ ಹೇಳುವ ಸೆನ್ಸರ್ ತಪ್ಪು ಹೇಳುತ್ತಿದೆ, ಇಲ್ಲಾ ಮೋಟರಿನ ಎಳೆತ ಸಡಿಲ ಆಗಿದೆ. ಕಿವಿಯನ್ನೂ ಕೊಡಿ. ಒಳ್ಳೆ ಪ್ರೋಬ್ ಗುಂಯ್ ಅನ್ನುತ್ತದೆ, ಕಟಕಟ ಅನ್ನುವುದಿಲ್ಲ. ಇನ್ನೊಂದು ಮಾತು: ನೀರಿನಲ್ಲಿ ಅಳತೆ ನಂಬಬೇಡಿ. ತಣ್ಣೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1480 ಮೀಟರ್ ಮಾತ್ರ. ಮಷೀನ್ 1540 ಅಂತಲೇ ಲೆಕ್ಕ ಹಾಕುವುದರಿಂದ ಎಲ್ಲವೂ ಶೇಕಡಾ 4ರಷ್ಟು ಆಳದಲ್ಲಿ ಕಾಣುತ್ತದೆ. ಅದು ದೋಷವಲ್ಲ. ಮೇಡಂ ಅವರ ಪ್ರೋಬಿನಲ್ಲಿ ಐದು ಬೆರಳೂ ಮುದ್ದಾಗಿ ಕಂಡವು. ಕಪ್ಪು ಗೆರೆ ಇಲ್ಲ.

ಮೂರನೆಯದು ತಿರುಗಿಸುವುದು. ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಪ್ರೋಬನ್ನು ಅದರ ಉದ್ದಕ್ಕೆ 180 ಡಿಗ್ರಿ ತಿರುಗಿಸಿ ಇನ್ನೊಂದು ವಾಲ್ಯೂಮ್ ತೆಗೆಯಿರಿ. ಕಲೆ ಪ್ರೋಬಿನ ಜೊತೆ ತಿರುಗಿದರೆ ಪ್ರೋಬಿನದು. ಮೈಯ ಜೊತೆ ಉಳಿದರೆ ಮೈಯದು. ಮಾಮೂಲಿ ತಪಾಸಣೆಗೆ ಬಂದಿದ್ದ ಒಬ್ಬರಿಗೆ ಮೇಡಂ ಹೀಗೆ ಮಾಡಿ ನೋಡಿದರು. ಗೆರೆ ಗರ್ಭಕೋಶದ ನೆತ್ತಿಯಲ್ಲೇ ಉಳಿಯಿತು. "ಮೇಡಂ, ಮಷೀನ್ ಆರಾಮ ಐತ್ರಿ" ಅಂದು ಸಹಿ ಹಾಕಿಸಿಕೊಂಡು ಬಂದೆ.

ದಾರಿಯಲ್ಲಿ ಸಮಾಧಾನ ಇರಲಿಲ್ಲ. ಪರದೆ ಅಂತ ತೀರ್ಮಾನ ಆದರೆ ಮುಂದಿನದು ಒಳಗೆ ದುರ್ಬೀನು ಹಾಕಿ ಅದನ್ನು ಕೊಯ್ಯುವ ಆಪರೇಷನ್. ತ್ರೀಡಿಯ ನಿಜವಾದ ಉಪಯೋಗ ಇಂಥ ಕಡೆಯೇ ಅಂತ ನನ್ನ ಅಭಿಪ್ರಾಯ, ಮಗುವಿನ ಮುಖದ ಫೋಟೋ ಅಲ್ಲ. ಗರ್ಭಕೋಶವನ್ನು ಎದುರಿನಿಂದ ಸೀಳಿ ನೋಡಿದ ಹಾಗೆ ಕಾಣುವ ಕರೋನಲ್ ಹೋಳು ಟೂಡಿಯಲ್ಲಿ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಪ್ರೋಬ್ ಹಾಕುವ ದಿಕ್ಕಿಗೆ ಅದು ಅಡ್ಡ. ವಾಲ್ಯೂಮಿನಿಂದ ಮಾತ್ರ ಕಟ್ಟಬಹುದು. ಹೊರಗಿನ ನೆತ್ತಿ ಸಪಾಟಾಗಿದ್ದು ಒಳಗೆ ಮಾತ್ರ ಪರದೆ ಇದೆಯೋ, ಗರ್ಭಕೋಶವೇ ಎರಡು ಕೋಡಾಗಿದೆಯೋ ಅಂತ ಹೇಳುವುದು ಈ ಹೋಳೇ. ಮೊದಲನೆಯದಕ್ಕೆ ಆಪರೇಷನ್ ಆಗಬಹುದು, ಎರಡನೆಯದಕ್ಕೆ ಹಾಗೆ ಒಳಗಿನಿಂದ ಕೊಯ್ಯುವಂತಿಲ್ಲ. ಆದರೆ ಹೀಗೆ ಕಟ್ಟಿದ ಹೋಳು ನೇರವಾಗಿ ತೆಗೆದ ಹೋಳಿನಷ್ಟು ಚೊಕ್ಕ ಇರುವುದಿಲ್ಲ. ತಪ್ಪೂ ಅದರಲ್ಲೇ ನುಸುಳುತ್ತದೆ.

ಮೂರನೇ ಸುತ್ತು. ಈ ಸಲ ಏನನ್ನೂ ಮುಟ್ಟಲಿಲ್ಲ. ಹೆಸರು ಮರೆಮಾಡಿ ಸೇವ್ ಆಗಿದ್ದ ವಾಲ್ಯೂಮ್‌ಗಳನ್ನು ಒಂದೊಂದಾಗಿ ನೋಡುತ್ತಾ ಕೂತೆ. ತ್ರೀಡಿ ಅಲ್ಲ, ಬರೀ ಎ ಪ್ಲೇನ್, ಅಂದರೆ ಪ್ರೋಬ್ ನೇರವಾಗಿ ತೆಗೆದ ಹೋಳು. ಕಪ್ಪು ಅಲ್ಲೂ ಇತ್ತು, ಮಸುಕಾಗಿ, ಮೇಲಿನಿಂದ ಬಿದ್ದ ನೆರಳಿನ ಹಾಗೆ. ಕರುಳಿನ ಗ್ಯಾಸ್ ಇರಬೇಕು ಅಂತ ಮೇಡಂ ಬಿಟ್ಟಿದ್ದರಂತೆ. ಎಂಟನೆಯದೋ ಒಂಬತ್ತನೆಯದೋ ವಾಲ್ಯೂಮಿನಲ್ಲಿ ನೆರಳು ನೆತ್ತಿಯಲ್ಲಿ ಇರಲಿಲ್ಲ, ಗರ್ಭಕೋಶದ ಬಾಯಿಯ ಕಡೆ ಇತ್ತು. "ಇವರದು ಹಿಂದಕ್ಕ ಬಾಗಿದ ಗರ್ಭಚೀಲ ರೀ" ಅಂದರು ಮೇಡಂ.

ಅಲ್ಲಿಗೆ ಗೊತ್ತಾಯಿತು. ಹೆಚ್ಚಿನವರ ಗರ್ಭಕೋಶ ಮುಂದಕ್ಕೆ ಬಾಗಿರುತ್ತದೆ. ಮಲಗಿದಾಗ ನೆತ್ತಿ ಮೇಲುಗಡೆ. ಹಿಂದಕ್ಕೆ ಬಾಗಿದ್ದರೆ ನೆತ್ತಿ ಕೆಳಗಡೆ. ನೆರಳಿಗೆ ನೆತ್ತಿ ಬೇಕಾಗಿರಲಿಲ್ಲ, ಮೈಯೂ ಬೇಕಾಗಿರಲಿಲ್ಲ, ಪ್ರೋಬೂ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದು ಮೇಲುಗಡೆ. ಗೌಂಡಿಯ ರಸಮಟ್ಟದಲ್ಲಿ ಗುಳ್ಳೆ ಇರುತ್ತಲ್ಲ, ಹಾಗೆ. ಎಣ್ಣೆಯ ಒಳಗೆ ಗಾಳಿ ಗುಳ್ಳೆ!

ಈಗ ನನ್ನ ಎರಡೂ ಪರೀಕ್ಷೆ ಯಾಕೆ ಪಾಸಾದವು ನೋಡಿ. ಒಳಗೆ ಹಾಕುವ ಪ್ರೋಬನ್ನು ಅಡ್ಡಲಾಗಿ ಹಿಡಿಯುತ್ತಾರೆ. ಗುಳ್ಳೆ ತೇಲಿ ಟೋಪಿಯ ಮೇಲಂಚಿಗೆ, ಸರಿಯಾಗಿ ನಡುವಿಗೆ ಬರುತ್ತದೆ. ಪ್ರೋಬನ್ನು 180 ಡಿಗ್ರಿ ತಿರುಗಿಸಿದರೆ ಗುಳ್ಳೆ ಮತ್ತೆ ತೇಲಿ ಮೇಲಕ್ಕೇ ಬರುತ್ತದೆ. ನೀರಿನ ಬುಟ್ಟಿಯಲ್ಲಿ ಪ್ರೋಬನ್ನು ಕೆಳಮುಖ ಮಾಡಿದಾಗ ಗುಳ್ಳೆ ಹಿಂದಕ್ಕೆ, ಹಿಡಿಯ ಕಡೆಗೆ ಓಡುತ್ತದೆ. ಶಬ್ದದ ದಾರಿ ಖಾಲಿ. ಗಾಳಿಯನ್ನು ದಾಟಿ ಅಲ್ಟ್ರಾಸೌಂಡ್ ಹೋಗುವುದಿಲ್ಲ, ಜೀರಿಗೆಯಷ್ಟು ಗುಳ್ಳೆ ಸಾಕು ನೆರಳು ಬೀಳಲು. ನಡುವಿನ ಕೋನದಲ್ಲಿ, ನೆತ್ತಿಯ ಕಡೆ, ಬೆಳ್ಳಗಿನ ಒಳಪದರವನ್ನು ಸೀಳಿದ ಕಪ್ಪು ಗೆರೆ. ಪುಸ್ತಕದ ಪರದೆಯೂ ಹಾಗೇ ಇರುತ್ತದೆ.

ಗುಳ್ಳೆ ಹುಡುಕುವುದು ಹೀಗೆ. ಮಷೀನ್ ಆಫ್ ಮಾಡಿ, ಪ್ರೋಬಿನ ಮುಖವನ್ನು ಮೇಲೆ ಮಾಡಿ ಎರಡು ನಿಮಿಷ ನಿಲ್ಲಿಸಿ. ಮೊಬೈಲ್ ಟಾರ್ಚ್ ಬಿಟ್ಟು ಟೋಪಿಯನ್ನು ಅಡ್ಡದಿಂದ ನೋಡಿ. ಟೋಪಿ ಸ್ವಲ್ಪ ಪಾರದರ್ಶಕ ಇದ್ದರೆ ಗುಳ್ಳೆ ಕಾಣುತ್ತದೆ. ಕಾಣದಿದ್ದರೆ ಜೆಲ್ಲಿನ ಗಡ್ಡೆಯನ್ನೋ ನೀರು ತುಂಬಿದ ಗ್ಲೌಸನ್ನೋ ಪ್ರೋಬಿನ ತುದಿಗೆ ಒತ್ತಿ ಹಿಡಿದು, ಕೆಳಮುಖ, ಅಡ್ಡ, ಮೇಲ್ಮುಖ, ಮೂರು ಭಂಗಿಯಲ್ಲೂ ಚಿತ್ರ ತೆಗೆಯಿರಿ. ಭಂಗಿ ಬದಲಾದ ಹಾಗೆ ನೆರಳು ಅಲೆದಾಡಿದರೆ ಗುಳ್ಳೆ. ಇವರದು ಟಾರ್ಚಿಗೇ ಕಂಡಿತು. ಹಿಡಿಯ ಸಂದಿನಲ್ಲಿ ಎಣ್ಣೆಯ ಜಿಡ್ಡೂ ಇತ್ತು. ಯಾವಾಗಲೋ ಕೆಳಗೆ ಬಿದ್ದು ಸೀಲು ಬಿಟ್ಟಿತ್ತು, ಎಣ್ಣೆ ಹೋದಷ್ಟು ಗಾಳಿ ಒಳಗೆ ಬಂದಿತ್ತು.

ಸಿರಿಂಜಿನಿಂದ ಎಣ್ಣೆ ತುಂಬುವ ಧೈರ್ಯ ಮಾತ್ರ ಮಾಡಬೇಡಿ. ಆ ಎಣ್ಣೆಯಲ್ಲಿ ಶಬ್ದ ಎಷ್ಟು ಬೇಗ ಹೋಗಬೇಕು, ಎಷ್ಟು ಸವೆಯಬೇಕು ಅಂತ ಲೆಕ್ಕ ಇರುತ್ತದೆ. ಗಾಳಿಯನ್ನು ಪೂರ್ತಿ ಎಳೆದು ತುಂಬುವ ಸಲಕರಣೆ ಬೇಕು, ಆಮೇಲೆ ಕರೆಂಟ್ ಸೋರಿಕೆಯ ಪರೀಕ್ಷೆ ಆಗಬೇಕು. ಒಳಗೆ ಹಾಕುವ ಪ್ರೋಬ್ ಅದು. ರಿಪೇರಿಗೆ ಕಳಿಸಿ. ಅಷ್ಟು ದಿನಕ್ಕೆ ಬದಲಿ ಮಷೀನ್ ಕೊಡ್ರಿ ಅಂತ ಎಲ್ಲರೂ ಕೇಳುತ್ತಾರೆ. ಫ್ರಿಜ್ಜಿನ ಹಾಗೆ ಸುಮ್ನೆ ತಂದಿಡಲು ಬರುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಸೋನೋಗ್ರಫಿ ಮಷೀನ್ ಆಸ್ಪತ್ರೆಯ ನೋಂದಣಿಯಲ್ಲಿ ಇರಬೇಕು. ಬದಲಾವಣೆಯನ್ನು ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು.

ಮಷೀನೂ ಅಲ್ಲ, ಪ್ರೋಬೂ ಅಲ್ಲ: ಊರಿನ ದೋಷ

ವಿಜಯಪುರದ ಕಡೆ ಬೇಸಿಗೆಯಲ್ಲಿ ಬರುವ ಕರೆಗಳದ್ದು ಬೇರೆ ಜಾತಿ. "ಫೋರ್‌ಡಿ ಹಾಕಿದ್ರ ಮಷೀನ್ ನಿಂತ ನಿಂತ ಓಡತೈತ್ರಿ." ಫೋರ್‌ಡಿ ಅಂದರೆ ಚಲಿಸುವ ತ್ರೀಡಿ. ಹೊರಗೆ 40 ಡಿಗ್ರಿ ದಾಟಿರುತ್ತದೆ. ಸ್ಕ್ಯಾನ್ ಕೋಣೆಯ ಎಸಿ ಮೇಲೆ ಇದ್ದರೂ ಮಷೀನಿನ ಫಿಲ್ಟರ್ ಕೆಳಗೆ ನೆಲದ ಹತ್ತಿರ ಇರುತ್ತದೆ, ಧೂಳು ಕಂಬಳಿಯಂತೆ ಕೂತಿರುತ್ತದೆ. ರೆಂಡರ್ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಜಾಸ್ತಿ, ಬಿಸಿಯೂ ಜಾಸ್ತಿ. ಬಿಸಿಯಾದರೆ ಅದು ತಾನೇ ನಿಧಾನ ಆಗುತ್ತದೆ. ಟೂಡಿ ಚೆನ್ನಾಗಿ ಓಡಿ, ಫೋರ್‌ಡಿ ಮಾತ್ರ ಹದಿನೈದು ನಿಮಿಷದ ಮೇಲೆ ತಡವರಿಸಿದರೆ ಫಿಲ್ಟರ್ ತೆಗೆದು ತೊಳೆಯಿರಿ. ಅರ್ಧ ಕರೆ ಅಲ್ಲೇ ಮುಗಿಯುತ್ತವೆ.

ಇನ್ನೊಂದು ಅರ್ಥಿಂಗ್. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಎಲ್ಲರೂ ನೋಡಿದ್ದೇವೆ. ಅರ್ಥಿಂಗ್ ಗುಂಡಿಯ ಸುತ್ತಲೂ ಅದೇ ಮಣ್ಣು. ಒಣಗಿ ಕುಗ್ಗಿ ಕೊಳವೆಯನ್ನು ಬಿಟ್ಟು ಸರಿಯುತ್ತದೆ. ಆಗ ಪಕ್ಕದ ಲಿಫ್ಟು, ಬೋರ್‌ವೆಲ್ ಮೋಟರ್ ಆನ್ ಆದಾಗಲೆಲ್ಲ ಚಿತ್ರದಲ್ಲಿ ಬಿಳಿ ಗೆರೆಗಳು ಮಿಂಚುತ್ತವೆ. ಟೂಡಿಯಲ್ಲಿ ಮಿಂಚಿ ಮಾಯ. ವಾಲ್ಯೂಮಿನಲ್ಲಿ ಒಂದೆರಡು ಹೋಳು ಪೂರ್ತಿ ಬೆಳ್ಳಗಾಗಿ, ತ್ರೀಡಿಯಲ್ಲಿ ಮುಖದ ಮುಂದೆ ಗಾಜಿನ ಹಾಳೆ ನಿಲ್ಲಿಸಿದಂತೆ ಕಾಣುತ್ತದೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ನಾವು 2 ವೋಲ್ಟಿನ ಒಳಗೆ ಇರಲಿ ಅಂತ ನೋಡುತ್ತೇವೆ. ಜಾಸ್ತಿ ಇದ್ದರೆ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಮತ್ತೆ ಅಳೆಯಿರಿ. ಇಳಿದರೆ ಕಾರಣ ಸಿಕ್ಕಿತು. ಆಮೇಲೆ ಎಲೆಕ್ಟ್ರಿಶಿಯನ್ ಕರೆಸಿ ಗುಂಡಿ ಸರಿ ಮಾಡಿಸಿ.

ಎಡ ಬಲದ ಗೊಂದಲವನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ತ್ರೀಡಿ ಚಿತ್ರವನ್ನು ಬೆರಳಿನಿಂದ ಹೇಗೆ ಬೇಕಾದರೂ ತಿರುಗಿಸಬಹುದು, ಹಾಗಾಗಿ ಪ್ರೋಬಿನ ಗುರುತು ಯಾವ ಕಡೆ ಇತ್ತು ಅಂತ ಎ ಪ್ಲೇನಿನಲ್ಲಿ ನೋಡದೆ ಎಡಗೈ ಬಲಗೈ ಅಂತ ರಿಪೋರ್ಟಿನಲ್ಲಿ ಬರೆಯಬೇಡಿ.

ಪ್ರೋಬ್ ರಿಪೇರಿ ಆಗಿ ಬಂದ ಮೇಲೆ ಅಡ್ಡ, ಕೆಳಮುಖ, ಮೇಲ್ಮುಖ ಹಿಡಿದು ನೋಡಿದೆ. ಎಲ್ಲೂ ನೆರಳಿಲ್ಲ. ಮೇಡಂ ಆ ಮೂವರನ್ನೂ ಮತ್ತೆ ಕರೆಸಿದರು, ಫೀ ತೆಗೆದುಕೊಳ್ಳಲಿಲ್ಲ. ಇಬ್ಬರ ಗರ್ಭಕೋಶ ಸರಿಯಾಗಿತ್ತು. ಮೂರನೆಯವರಿಗೆ ಪರದೆ ನಿಜವಾಗಿಯೂ ಇತ್ತು. ಗುಳ್ಳೆಯ ನೆರಳು ಅದರ ಮೇಲೇ ಕೂತಿತ್ತು.